ಐದು ಗಂಟೆಯವರೆಗೆ ಪ್ರೀತಿ

ಭಾನುವಾರದ ಭಾಷಣವನ್ನು ಶನಿವಾರ ಬೆಳಿಗ್ಗೆ ಹೆಂಡತಿಗೆ ಓದಿ ಹೇಳಿದ್ದೇ ಮೇಷ್ಟ್ರು ಮಾಡಿದ ತಪ್ಪು.

ಅವರು ಶಾಲೆಯ ಮೇಷ್ಟ್ರಲ್ಲ. ದಂತವೈದ್ಯೆಯೊಬ್ಬರ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು ಕಟ್ಟುಹಲ್ಲು ಮಾಡುವ ಕೆಲಸಗಾರ. ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಮೇಷ್ಟ್ರಾಗಿದ್ದರು. ಹನ್ನೆರಡು ವರ್ಷ ಮಕ್ಕಳ ಮೂಗು ಒರೆಸಿದ ಮೇಲೆ ಕೊನೆಗೂ ಪಾಸ್ಟರು ಅವರನ್ನು ಪಕ್ಕಕ್ಕೆ ಕರೆದು, "ಈ ಭಾನುವಾರ ದೊಡ್ಡವರ ಮುಂದೆ ಇಪ್ಪತ್ತು ನಿಮಿಷ ನೀವೇ ಮಾತಾಡಿ. ವಿಷಯ, ನಮಗೆ ಕಿರಿಕಿರಿ ಮಾಡುವವರನ್ನ ಪ್ರೀತಿಸೋದು" ಎಂದಿದ್ದರು. ಮೇಷ್ಟ್ರು ಮೂರು ವಾರ ಕೂತು ಬರೆದರು, ಹರಿದರು, ಮತ್ತೆ ಬರೆದರು. ಕನ್ನಡಿಯ ಮುಂದೆ ನಿಂತು ಕೈ ಎಲ್ಲಿ ಎತ್ತಬೇಕು, ಎಲ್ಲಿ ಇಳಿಸಬೇಕು ಎಂದು ಗುರುತು ಹಾಕಿಕೊಂಡರು.

ಓದಿ ಮುಗಿಸಿದಾಗ ಹೆಂಡತಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

"ಚೆನ್ನಾಗಿದೆ. ಇದನ್ನ ನಿಮ್ಮ 'ಒಂದ್ನಿಮಿಷ' ಅವರ ಮೇಲೆ ಯಾವತ್ತಾದ್ರೂ ಪ್ರಯೋಗ ಮಾಡಿ ನೋಡಿದೀರಾ?"

ಮೇಷ್ಟ್ರ ಕೈ ಗುರುತು ಹಾಕಿಲ್ಲದ ಜಾಗದಲ್ಲಿ ಇಳಿಯಿತು.

'ಒಂದ್ನಿಮಿಷ' ಎಂಬುದು ಒಂಬತ್ತು ವರ್ಷದಿಂದ ಕೆಲಸದಲ್ಲಿ ಮೇಷ್ಟ್ರ ಪಕ್ಕದ ಸ್ಟೂಲಿನಲ್ಲಿ ಕೂರುವವರ ಅಡ್ಡಹೆಸರು. ಮೇಷ್ಟ್ರು ಹಲ್ಲುಗಳನ್ನು ಮೇಣದಲ್ಲಿ ಕೂರಿಸಿದರೆ, ಆ ಹಲ್ಲಿನ ಸೆಟ್ಟು ಗಟ್ಟಿಯಾದ ಮೇಲೆ ಉಜ್ಜಿ ಹೊಳಪು ಕೊಡುವ ಕೆಲಸ ಅವರದು. ಅವರು ಯಾವ ಮಾತನ್ನೂ "ಒಂದ್ನಿಮಿಷ" ಎನ್ನದೆ ಶುರು ಮಾಡಿದವರಲ್ಲ, ಯಾವ ಮಾತನ್ನೂ ಅರ್ಧ ಗಂಟೆಗೆ ಮೊದಲು ಮುಗಿಸಿದವರೂ ಅಲ್ಲ. ಕೇಳದಿದ್ದರೂ ಸಲಹೆ ಕೊಡುತ್ತಿದ್ದರು. ಒಂದೇ ರಾಗದ ಅರ್ಧ ಸಾಲನ್ನು ಬೆಳಗಿನಿಂದ ಸಂಜೆಯವರೆಗೆ ಗುನುಗುತ್ತಿದ್ದರು, ಉಳಿದರ್ಧ ಎಂದೂ ಬರುತ್ತಿರಲಿಲ್ಲ. ಸಾಲದ್ದಕ್ಕೆ ಚರ್ಚಿನಲ್ಲೂ ಮೇಷ್ಟ್ರ ಬೆನ್ನ ಹಿಂದಿನ ಬೆಂಚಿನಲ್ಲೇ ಕೂತು, ಎಲ್ಲರೂ ಹಾಡಿ ಮುಗಿಸಿದ ಮೇಲೆ ಕೊನೆಯ ಪದವನ್ನು ಒಬ್ಬರೇ ಮೇಷ್ಟ್ರ ಕತ್ತಿನ ಮೇಲೆ ಹಾಡುತ್ತಿದ್ದರು.

"ಇವತ್ತು ಒಂದು ದಿನ," ಎಂದಳು ಹೆಂಡತಿ. "ಐದು ಗಂಟೆಗೆ ಕೆಲಸ ಬಿಡೋ ತನಕ. ಅವರ ಮೇಲೆ ರೇಗಬಾರದು, ಮುಖ ಗಂಟು ಹಾಕಬಾರದು, ಮೂಗಲ್ಲಿ ಉಸಿರು ಬಿಡಬಾರದು. ಅಷ್ಟು ಮಾಡಿದ್ರೆ ನಾಳೆ ಎದ್ದು ನಿಂತು ಮಾತಾಡಿ. ಇಲ್ದಿದ್ರೆ ಪಾಸ್ಟರಿಗೆ ನಾನೇ ಹೇಳ್ತೀನಿ, ಇವರಿಗೆ ಗಂಟಲು ಕಟ್ಟಿದೆ ಅಂತ."

"ಪಾಸ್ಟರ ಹತ್ರ ಸುಳ್ಳು ಹೇಳ್ತೀಯಾ?"

"ನೀವು ಅಲ್ಲಿ ನಿಂತು ಹೇಳೋದಕ್ಕಿಂತ ಸಣ್ಣ ಸುಳ್ಳು."

ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. "ಪ್ರೀತಿಸ್ತೀನಿ ಕಣೇ! ಏನಂದ್ಕೊಂಡಿದೀಯ ನನ್ನ? ಆ ಮನುಷ್ಯನಿಗೆ ಉಸಿರು ಕಟ್ಟೋ ಹಾಗೆ ಪ್ರೀತಿಸಿ ಬರ್ತೀನಿ, ನೋಡ್ತಿರು!" ಎಂದು ಬಾಗಿಲನ್ನು ದಢಾರನೆ ಎಳೆದುಕೊಂಡು, ಕೋಟೆಗೆ ಲಗ್ಗೆ ಹಾಕುವವರಂತೆ ಹೊರಟರು.

ಕೋಟೆ ಆಗಲೇ ಸ್ಟೂಲಿನ ಮೇಲೆ ಕೂತಿತ್ತು.

"ಒಂದ್ನಿಮಿಷ ಮೇಷ್ಟ್ರೇ! ಅಲ್ಲೇ ನಿಲ್ಲಿ. ನಿಮ್ಮ ಷರ್ಟಿನ ಗುಂಡಿ ಒಂದೊಂದು ಮನೆ ತಪ್ಪಿದೆ. ಮೇಲಿಂದ ಹಾಕ್ತೀರಿ ಅನ್ಸತ್ತೆ. ಯಾವಾಗ್ಲೂ ಕೆಳಗಿಂದ ಹಾಕ್ಕೊಂಡು ಬರಬೇಕು. ನಾನು ನಲವತ್ತು ವರ್ಷದಿಂದ ಕೆಳಗಿಂದಾನೇ."

ಬೇರೆ ದಿನವಾಗಿದ್ದರೆ ಮೇಷ್ಟ್ರು, "ನನ್ನ ಗುಂಡಿ, ನನ್ನ ಮನೆ" ಎಂದು ಹಲ್ಲು ಕಡಿಯುತ್ತಿದ್ದರು. ಇಂದು ತುಟಿಯ ಎರಡೂ ಕೊನೆಗಳನ್ನು ಕಷ್ಟಪಟ್ಟು ಮೇಲಕ್ಕೆತ್ತಿದರು. "ನೀವು ಇರೋದಕ್ಕೆ ನನ್ನ ಮಾನ ಉಳೀತು. ತುಂಬಾ ಥ್ಯಾಂಕ್ಸ್."

ಕೋಣೆಯ ಮೂಲೆಯಲ್ಲಿ ಅಚ್ಚಿಗೆ ಪ್ಲಾಸ್ಟರು ಕಲಸುತ್ತಿದ್ದ ಅಕ್ಕ ಕಲಸುವುದನ್ನು ನಿಲ್ಲಿಸಿದಳು.

ಹತ್ತು ಗಂಟೆಗೆ ಗುನುಗು ಶುರುವಾಯಿತು. ಅರ್ಧ ಸಾಲು. ಮತ್ತೆ ಅದೇ ಅರ್ಧ ಸಾಲು. ಮೇಷ್ಟ್ರು ಕೈಯಲ್ಲಿದ್ದ ಬಾಚಿಹಲ್ಲನ್ನು ಮೇಜಿನ ಮೇಲಿಟ್ಟರು. ಪ್ರೀತಿ ಎಂದರೆ ಸುಮ್ಮನೆ ತಡೆದುಕೊಳ್ಳುವುದಲ್ಲ, ಎದುರು ಹೋಗಿ ಅಪ್ಪಿಕೊಳ್ಳುವುದು ಎಂದು ತಾವೇ ಭಾಷಣದ ಮೂರನೇ ಪುಟದಲ್ಲಿ ಬರೆದಿದ್ದರು. ಹಾಗಾಗಿ ಗಂಟಲು ಸರಿಮಾಡಿಕೊಂಡು, ಉಳಿದರ್ಧ ಸಾಲನ್ನು ತಾವೇ ಹಾಡಿ ಮುಗಿಸಿದರು.

"ಒಂದ್ನಿಮಿಷ," ಎಂದರು ಪಕ್ಕದವರು ಕಣ್ಣರಳಿಸಿ. "ಶ್ರುತಿ ತಪ್ಪಿತು. ನಿಮಗೆ ಹಾಡೋ ಆಸೆ ಇದೆ ಅಂತ ಗೊತ್ತೇ ಇರಲಿಲ್ಲ ನೋಡಿ! ನಾನು ಕಲಿಸ್ತೀನಿ. ಹೊಟ್ಟೆಯಿಂದ ಬರಲಿ. ಎಲ್ಲಿ, ಹಾಂ ಅನ್ನಿ."

"ಹಾಂ," ಎಂದರು ಮೇಷ್ಟ್ರು.

ಒಂದೂವರೆ ಗಂಟೆ ಹಾಂ ಎಂದರು. ಮುಂದಿನ ಕೋಣೆಯಲ್ಲಿ ಕಾದಿದ್ದ ರೋಗಿಗಳಲ್ಲಿ ಇಬ್ಬರು, ಒಳಗೆ ಯಾರದೋ ಹಲ್ಲು ಕೀಳುತ್ತಿದ್ದಾರೆಂದು ತಿಳಿದು ಎದ್ದು ಮನೆಗೆ ಹೋದರು.

ಮಧ್ಯಾಹ್ನ ಮೇಷ್ಟ್ರು ತಮ್ಮ ಊಟದ ಡಬ್ಬಿಯನ್ನು ಒಂದ್ನಿಮಿಷ ಅವರ ಮುಂದೆ ಸರಿಸಿ, "ಇವತ್ತು ನೀವು ತಿನ್ನಿ" ಎಂದರು. ಅವರು ತಿಂದರು. ಉಪ್ಪು ಕಮ್ಮಿ ಎಂದರು, ಬೇಯಿಸುವ ಕ್ರಮ ವಿವರಿಸಿದರು, ಡಬ್ಬಿಯ ಮುಚ್ಚಳ ಸಡಿಲವಾಗಿದೆ ಎಂದು ತೋರಿಸಿಕೊಟ್ಟರು. ಹಸಿದ ಮೇಷ್ಟ್ರು ಎಲ್ಲದಕ್ಕೂ ತಲೆಯಾಡಿಸಿದರು.

ಮೂರು ಗಂಟೆಗೆ ಪ್ಲಾಸ್ಟರ್ ಅಕ್ಕ ಕೈ ಒರೆಸಿಕೊಂಡು ಬಂದು ಮೇಷ್ಟ್ರ ಕಿವಿಯ ಹತ್ತಿರ ಬಗ್ಗಿದಳು. "ಮೇಷ್ಟ್ರೇ, ರಿಪೋರ್ಟ್ ಬಂತಾ?"

"ಯಾವ ರಿಪೋರ್ಟು?"

"ನನ್ನ ಹತ್ರ ಮುಚ್ಚಿಡಬೇಡಿ. ನಮ್ಮ ಚಿಕ್ಕಪ್ಪನೂ ಹೀಗೇ. ಜನ್ಮವಿಡೀ ಸಿಡಿಸಿಡಿ. ಒಂದು ದಿನ ಇದ್ದಕ್ಕಿದ್ದಂತೆ ಎಲ್ಲರ ಹತ್ರ ನಗ್ತಾ ನಗ್ತಾ ಮಾತಾಡಿದ್ರು. ಆಮೇಲೆ ವಾರ ದಾಟಲಿಲ್ಲ."

"ನಾನು ಚೆನ್ನಾಗೇ ಇದೀನಿ ಅಕ್ಕ! ಸುಮ್ನೆ ಪ್ರೀತಿಯಿಂದ ಇದೀನಿ, ಅಷ್ಟೇ!"

"ಅವರೂ ಇದನ್ನೇ ಹೇಳಿದ್ರು," ಎಂದು ಅಕ್ಕ ಕಣ್ಣೊರೆಸಿಕೊಂಡಳು. ಕಣ್ಣಿಗೆ ಪ್ಲಾಸ್ಟರು ಮೆತ್ತಿಕೊಂಡಿತು. ಆ ಬಿಳಿ ಕಣ್ಣಿನಲ್ಲೇ ಡಾಕ್ಟರಮ್ಮನ ಹತ್ತಿರ ಓಡಿದಳು.

ಡಾಕ್ಟರಮ್ಮ ಬಂದು ಮೇಷ್ಟ್ರ ಕಣ್ಣರೆಪ್ಪೆ ಎಳೆದು ನೋಡಿದರು. ಊಟ ಮಾಡಿಲ್ಲ ಎಂದು ಗೊತ್ತಾದದ್ದೇ ತಡ, "ಒಳಗೆ ಮಲಗಿ. ಒಂದು ಗಂಟೆ ಏಳಕೂಡದು. ಎದ್ರೆ ಮನೆಗೆ ಫೋನ್ ಮಾಡ್ತೀನಿ" ಎಂದು ಗದರಿದರು. ಮನೆಗೆ ಫೋನ್ ಹೋದರೆ ನಾಳೆ ಗಂಟಲು ಕಟ್ಟುವುದು ಖಂಡಿತ. ಮೇಷ್ಟ್ರು ತೆಪ್ಪಗೆ ಹೋಗಿ, ಒಳಕೋಣೆಯಲ್ಲಿದ್ದ ರೋಗಿಗಳ ಹಳೆಯ ಕುರ್ಚಿಯ ಮೇಲೆ ಮಲಗಿ, ತಲೆಯ ಮೇಲಿನ ದೊಡ್ಡ ದೀಪವನ್ನೇ ನೋಡುತ್ತ ಗಂಟೆ ಕಳೆದರು.

ಅವರ ಮೇಜಿನ ಮೇಲೆ ನಿವೃತ್ತ ಜಡ್ಜ್ ಒಬ್ಬರ ಪೂರ್ತಿ ಸೆಟ್ಟು ಮೇಣದಲ್ಲಿ ಸಿದ್ಧವಾಗಿ ಕೂತಿತ್ತು. ನಾಲ್ಕು ಗಂಟೆಗೆ ಜಡ್ಜ್ ಬಂದು ಬಾಯಿಗೆ ಹಾಕಿ ನೋಡಬೇಕು, ಒಪ್ಪಿದರೆ ಮಾತ್ರ ಗಟ್ಟಿ ಸೆಟ್ಟು. ಐದು ದಿನದ ಕೆಲಸ ಅದು. ಜಡ್ಜ್ ತಮ್ಮ ಹಳೆಯ ಫೋಟೋ ತಂದುಕೊಟ್ಟು, "ಈ ಮುಂದಿನ ಹಲ್ಲು ಸ್ವಲ್ಪ ಸೊಟ್ಟ ಇದೆ ನೋಡಿ, ಹಾಗೇ ಇರಲಿ. ಇಲ್ದಿದ್ರೆ ಮೊಮ್ಮಗಳು ನನ್ನ ಗುರುತೇ ಹಿಡಿಯಲ್ಲ" ಎಂದಿದ್ದರು. ಆ ಒಂದು ಹಲ್ಲನ್ನು ಸರಿಯಾಗಿ ಸೊಟ್ಟ ಮಾಡಲು ಮೇಷ್ಟ್ರಿಗೆ ಎರಡು ದಿನ ಹಿಡಿದಿತ್ತು.

ಗಂಟೆ ಕಳೆದು ಮೇಷ್ಟ್ರು ವಾಪಸ್ಸು ಬಂದಾಗ ಮೇಜು ಖಾಲಿ.

"ಒಂದ್ನಿಮಿಷ, ಗಾಬರಿ ಬೀಳಬೇಡಿ," ಎಂದರು ಪಕ್ಕದವರು. "ಜಡ್ಜ್ ಬೇಗ ಬಂದ್ರು, ಸೆಟ್ಟನ್ನ ನಾನೇ ಡಾಕ್ಟರಮ್ಮನ ಹತ್ರ ಕಳಿಸಿಕೊಟ್ಟೆ. ಪಾಪ, ಹುಷಾರಿಲ್ಲದೆ ನೀವು ಒಂದು ಹಲ್ಲನ್ನ ಸೊಟ್ಟ ಕೂರಿಸಿಬಿಟ್ಟಿದ್ರಿ. ಮೇಣ ಬಿಸಿ ಮಾಡಿ ನೆಟ್ಟಗೆ ಮಾಡಿದೆ. ಅದಕ್ಕೆ ಹೊಂದಲಿ ಅಂತ ಅಕ್ಕಪಕ್ಕದ ನಾಲ್ಕನ್ನೂ ಸರಿ ಮಾಡಿದೆ. ಈಗ ನೋಡಬೇಕು ನೀವು, ಮೆರವಣಿಗೆ ನಿಂತ ಹಾಗಿದೆ! ಯಾರೋ ಒಂದು ಫೋಟೋ ಬೇರೆ ದೀಪಕ್ಕೆ ಅಡ್ಡ ಇಟ್ಟಿದ್ರು, ತೆಗೆದು ಡ್ರಾಯರಿಗೆ ಹಾಕ್ದೆ."

ಮೇಷ್ಟ್ರ ಒಳಗೆ ಒಂಬತ್ತು ವರ್ಷದ ಮಾತುಗಳೆಲ್ಲ ಒಟ್ಟಿಗೆ ಎದ್ದು ನಿಂತವು. ಗಡಿಯಾರದಲ್ಲಿ ನಾಲ್ಕೂ ಹತ್ತು. ಮೇಜಿನ ಮೇಲಿದ್ದ ಮೇಣದ ಉಂಡೆಯನ್ನು ಎತ್ತಿ ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದರು. ಹಾಗಾಗಿ ಆಚೆ ಬಂದದ್ದು "ಮ್ಮ್ಮ್" ಎಂಬ ಒಂದೇ ಶಬ್ದ.

"ಅಯ್ಯೋ, ಥ್ಯಾಂಕ್ಸ್ ಎಲ್ಲಾ ಯಾಕೆ," ಎಂದರು ಒಂದ್ನಿಮಿಷ.

ಆಗಲೇ ಬಾಗಿಲು ತೆರೆದುಕೊಂಡಿತು. ಡಾಕ್ಟರಮ್ಮನ ಕೈಯಲ್ಲಿ ಸೆಟ್ಟು, ಅವರ ಹಿಂದೆ ಹಲ್ಲಿಲ್ಲದ ಬಾಯಿಯ ಜಡ್ಜ್. ಹಲ್ಲಿಲ್ಲದಿದ್ದರೂ ಅವರು ಗುಡುಗುವುದಕ್ಕೇನೂ ತೊಂದರೆಯಿರಲಿಲ್ಲ.

"ಇದು ನನ್ನ ನಗು ಅಲ್ಲ! ಇದು ಯಾವನೋ ಸೋಪು ಮಾರೋವನ ನಗು!"

"ಯಾರು ಇದನ್ನ ಮುಟ್ಟಿದ್ದು?" ಎಂದರು ಡಾಕ್ಟರಮ್ಮ. "ನಿನ್ನೆ ಸಂಜೆ ನಾನೇ ನೋಡಿದೀನಿ, ಸರಿಯಾಗಿತ್ತು. ಯಾರು?"

ಒಂದ್ನಿಮಿಷ ಅವರ ಮುಖ ಅಕ್ಕನ ಬಟ್ಟಲಿನ ಪ್ಲಾಸ್ಟರಿನಂತಾಯಿತು. ಹೋದ ತಿಂಗಳಷ್ಟೇ ಡಾಕ್ಟರಮ್ಮ ಅವರಿಗೆ, ಇನ್ನೊಬ್ಬರ ಕೆಲಸಕ್ಕೆ ಇನ್ನೊಮ್ಮೆ ಕೈ ಹಾಕಿದರೆ ಮನೆಗೆ ಹೋಗಿ ಎಂದಿದ್ದರು. ಒಂದ್ನಿಮಿಷ ಅವರ ಕೈಬೆರಳುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದವು. ಆ ಬೆರಳುಗಳನ್ನು ಮೇಷ್ಟ್ರು ನೋಡಿದರು. ಪಕ್ಕದಲ್ಲೇ ಇಷ್ಟು ಕಾಲ ಇದ್ದರೂ ಅವು ಇಷ್ಟು ಮುದಿಯಾಗಿರುವುದನ್ನು ಅವರು ಕಂಡಿರಲಿಲ್ಲ.

ಒಂದು ಮಾತು ಸಾಕಿತ್ತು. ಅದು ರೇಗಿದ ಹಾಗೂ ಆಗುತ್ತಿರಲಿಲ್ಲ, ನಿಜ ಹೇಳಿದ ಹಾಗೆ ಅಷ್ಟೇ. ಸೋಮವಾರದಿಂದ ಪಕ್ಕದ ಸ್ಟೂಲು ಖಾಲಿ. ಗುನುಗಿಲ್ಲ, ಗುಂಡಿಯಿಲ್ಲ, ಸಲಹೆಯಿಲ್ಲ. ಆ ಆಸೆ ಬಂದದ್ದಕ್ಕೆ ಮೇಷ್ಟ್ರಿಗೆ ತಮ್ಮ ಮೇಲೆಯೇ ಸಿಟ್ಟು ಬಂತು. ಸೋಲುವುದಿಲ್ಲ, ಯಾರಿಗೂ ಸೋಲುವುದಿಲ್ಲ ಎಂದುಕೊಂಡು ಬಾಯಿಂದ ಮೇಣದ ಉಂಡೆ ತೆಗೆದು, ಎದೆ ಸೆಟೆಸಿದರು.

"ನಾನೇ."

"ನೀವಾ?"

"ನಾನೇ! ಹಲ್ಲುಗಳನ್ನೆಲ್ಲಾ ನಾನೇ ನೆಟ್ಟಗೆ ಮಾಡಿದ್ದು. ಏನೀಗ?"

ಆ 'ಏನೀಗ' ಬೇಡವಾಗಿತ್ತು. ಜಡ್ಜ್ ಹತ್ತು ನಿಮಿಷ, ಡಾಕ್ಟರಮ್ಮ ಇಪ್ಪತ್ತು ನಿಮಿಷ ಬೈದರು. ಸೋಮವಾರ ಬೆಳಿಗ್ಗೆ ಎಂದಿಗಿಂತ ಎರಡು ಗಂಟೆ ಮೊದಲೇ ಬಂದು ಎಲ್ಲವನ್ನೂ ಮತ್ತೆ ಸೊಟ್ಟ ಮಾಡಬೇಕೆಂದು ತೀರ್ಪಾಯಿತು. ಒಂದ್ನಿಮಿಷ ಅವರು ಕೊನೆಯವರೆಗೂ ತುಟಿ ಬಿಚ್ಚಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು. ಐದು ಹೊಡೆಯಿತು. ಅವರು ಸರಕ್ಕನೆ ಎದ್ದು, ಮೇಷ್ಟ್ರ ಭುಜವನ್ನು ಒಮ್ಮೆ ಒತ್ತಿ, ಮೊದಲೇ ಹೊರಟುಹೋದರು.

ಮನೆಗೆ ಬಂದ ಮೇಷ್ಟ್ರು ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಹೇಳಿದರು. ಹೆಂಡತಿ ಕೊನೆಯವರೆಗೂ ಕೇಳಿದಳು. ಆಮೇಲೆ ಅವರ ಹೊಟ್ಟೆಗೆ ಏನಾದರೂ ಬಡಿಸಲು ಎದ್ದಳು.

"ನಾಳೆ ಎದ್ದು ನಿಂತು ಮಾತಾಡಿ," ಎಂದಳು. "ನಾನು ಮುಂದಿನ ಬೆಂಚಲ್ಲೇ ಕೂತ್ಕೋತೀನಿ."

ಮೇಷ್ಟ್ರು ಮೊದಲ ತುತ್ತು ಎತ್ತುವಷ್ಟರಲ್ಲಿ ಬಾಗಿಲು ಬಡಿದ ಸದ್ದು.

"ಒಂದ್ನಿಮಿಷ!"

ಬಂದವರ ಮುಖದಲ್ಲಿ ಹೊಳಪಿತ್ತು, ಕೈಯಲ್ಲಿ ನಾಲ್ಕು ಹಾಳೆಗಳಿದ್ದವು. "ಸೀದಾ ಪಾಸ್ಟರ ಮನೆಗೆ ಹೋಗಿದ್ದೆ ಮೇಷ್ಟ್ರೇ. ಇವತ್ತು ನಡೆದದ್ದೆಲ್ಲಾ ಹೇಳ್ದೆ. ಪಾಸ್ಟರು ಅತ್ತೇಬಿಟ್ರು! ಭಾಷಣಕ್ಕಿಂತ ಬಾಳಿನ ಸಾಕ್ಷಿ ದೊಡ್ಡದು, ನಾಳೆ ಆ ಇಪ್ಪತ್ತು ನಿಮಿಷ ನೀವೇ ಮಾತಾಡಿ ಅಂದ್ರು."

"ಯಾರು? ನಾನಾ?"

"ಅಲ್ಲ, ನಾನು. ನಿಮ್ಮದು ಮುಂದೆ ಯಾವಾಗ್ಲಾದ್ರೂ ನೋಡೋಣ ಅಂದ್ರು. ಅಲ್ಲೇ ಕೂತು ಬರೆದೆ. ಒಂದ್ನಿಮಿಷ, ಕೇಳಿ."

ಅವರು ಕನ್ನಡಕ ಏರಿಸಿದರು.

"'ಪ್ರಿಯರೇ, ನನ್ನ ಜೊತೆ ಕೆಲಸ ಮಾಡುವ ಒಬ್ಬ ಮನುಷ್ಯನಿದ್ದಾನೆ. ಬಹಳ ಸಿಡುಕ. ಹಲ್ಲು ಕಡಿಯುತ್ತಾನೆ, ಮೂಗಿನಲ್ಲಿ ಉಸಿರು ಬಿಡುತ್ತಾನೆ, ಒಳ್ಳೆಯ ಮಾತು ಹೇಳಿದರೆ ಮುಖ ತಿರುಗಿಸುತ್ತಾನೆ. ಒಂಬತ್ತು ವರ್ಷ ನಾನು ಅವನನ್ನು ಸಹಿಸಿಕೊಂಡೆ. ಸಲಹೆ ಕೊಟ್ಟೆ, ಹಾಡಿದೆ, ಪ್ರಾರ್ಥಿಸಿದೆ. ಇಂದು ನನ್ನ ಪ್ರೀತಿ ಗೆದ್ದಿತು. ಬೆಳಿಗ್ಗೆ ಅವನು ನನಗೆ ಥ್ಯಾಂಕ್ಸ್ ಹೇಳಿದ. ಮಧ್ಯಾಹ್ನ ತನ್ನ ಊಟ ಕೊಟ್ಟ. ಜನ್ಮದಲ್ಲಿ ಒಂದೂ ತಪ್ಪು ಒಪ್ಪಿಕೊಳ್ಳದವನು, ಸಂಜೆ ಎಲ್ಲರೆದುರು ನಾನೇ ತಪ್ಪು ಮಾಡಿದೆ ಎಂದ. ನಾನು ಪಕ್ಕದಲ್ಲಿ ಮೌನವಾಗಿ ನಿಂತು ಅವನಿಗೆ ಶಕ್ತಿ ತುಂಬುತ್ತಿದ್ದೆ.'"

"ಆದ್ರೆ ಆ ತಪ್ಪು..." ಎಂದಳು ಹೆಂಡತಿ.

"ಒಂದ್ನಿಮಿಷ ತಂಗಿ. ಯಾರ ತಪ್ಪು ಅನ್ನೋದು ಮುಖ್ಯ ಅಲ್ಲ. ಮನುಷ್ಯ ಕರಗಿದ, ಅದು ಮುಖ್ಯ. ಮೇಷ್ಟ್ರೇ, ನೀವು ಮುಂದಿನ ಬೆಂಚಲ್ಲಿ ಕೂತಿರಿ. ನಾನು ಕೈ ತೋರಿಸಿದಾಗ ಎದ್ದು ನಿಲ್ಲಿ, ಎಲ್ಲರೂ ನೋಡಲಿ."

ಮೇಷ್ಟ್ರು ಎದ್ದು ನಿಂತರು. ಕತ್ತಿನ ನರ ಉಬ್ಬಿತು. ಈಗ ರೇಗಿದರೆ ಹಾಳೆಯಲ್ಲಿರುವ ಸಿಡುಕ ತಾವೇ ಎಂದು ಸಾಬೀತಾಗುತ್ತದೆ. ರೇಗದಿದ್ದರೆ ಇವರ ಪ್ರೀತಿ ಗೆದ್ದಿತೆಂದು ಸಾಬೀತಾಗುತ್ತದೆ. ಮೂರನೆಯ ದಾರಿ ಹುಡುಕಿದರು, ಕಾಣಲಿಲ್ಲ. ಹೆಂಡತಿ ಒರೆಸುವ ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಗೋಡೆಯ ಕಡೆ ತಿರುಗಿದ್ದಳು. ಅವಳ ಭುಜ ಕುಣಿಯುತ್ತಿತ್ತು.

ಮೇಷ್ಟ್ರು ಕುರ್ಚಿಯೊಂದನ್ನು ಜೋರಾಗಿ ಎಳೆದು ಬಂದವರ ಮುಂದೆ ಹಾಕಿದರು. ಜೇಬಿನಿಂದ ಪೆನ್ನು ತೆಗೆದು ಹಾಳೆಗಳನ್ನು ಕಸಿದುಕೊಂಡರು.

"ಕೂತ್ಕೊಳ್ಳಿ. ಇಲ್ಲಿ ಒಂಬತ್ತು ವರ್ಷ ಅಂತ ಬರೆದಿದೀರಿ," ಎಂದು ಅಬ್ಬರಿಸಿದರು. "ಒಂಬತ್ತು ವರ್ಷ ನಾಲ್ಕು ತಿಂಗಳು! ಒಂದು ತಿಂಗಳೂ ಬಿಡಕೂಡದು!"