ಅತ್ತೆ ಎರಡನೇ ಪ್ರತಿವಾದಿ

ಕೋರ್ಟಿನ ಮೆಟ್ಟಿಲು ಹತ್ತಿದ ಮನೆಯಲ್ಲಿ ನಗು ಇರುವುದಿಲ್ಲ ಅನ್ನುವವರು ಬೆಳಂಬಾರದ ನಮ್ಮ ಮನೆಗೆ ಬಂದವರಲ್ಲ. ನಮ್ಮಲ್ಲಿ ತಾರೀಖು ಬಂದಾಗಲೆಲ್ಲ ಒಂದು ನಗೆಪಾಟಲು. ವಿಷಯ ಇಷ್ಟೇ. ನಮ್ಮ ಮನೆಯಿಂದ ಹಿರಿಯರ ಕಾಲದ ಬಾವಿಗೆ ಹೋಗುವ ಕಾಲುದಾರಿ ನನ್ನ ಮಾವನ ಅಣ್ಣನ ಹಿತ್ತಲಲ್ಲಿ ಹಾದುಹೋಗುತ್ತದೆ. ಈ ದೊಡ್ಡ ಮಾವ ಒಂದು ದಿನ ದಾರಿಗೆ ಬೇಲಿ ಕಟ್ಟಿದರು. ಅಂದಿನಿಂದ ನಾನು ಒಂದು ಸೊಂಟದಲ್ಲಿ ಮಗಳು, ಇನ್ನೊಂದರಲ್ಲಿ ಕೊಡ ಇಟ್ಟುಕೊಂಡು ಗದ್ದೆ ಸುತ್ತಿ ನೀರು ತಂದೆ. ಹಟ ಗಂಡಸರದು, ಸೊಂಟ ನನ್ನದು.

೧. ಸಾರು ಯಾರ ಪಕ್ಷಕ್ಕೆ

ಬೇಲಿ ಕಂಡವರೇ ಮಾವ ಅಂಕೋಲೆಯ ವಕೀಲರ ಹತ್ತಿರ ಓಡಿದರು. ನಮ್ಮ ಮನೆ ಮಾವ ಮತ್ತು ಅತ್ತೆ ಇಬ್ಬರ ಹೆಸರಲ್ಲಿದೆ, ಹಾಗಾಗಿ ದಾವೆಗೆ ಇಬ್ಬರ ಸಹಿಯೂ ಬೇಕು. ಅತ್ತೆ ತಂಗಿಯ ಮಗಳ ಬಾಣಂತನಕ್ಕೆಂದು ಹಾರವಾಡಕ್ಕೆ ಹೋಗಿದ್ದರು. ಎರಡು ದಿನ ಕಾಯುವ ತಾಳ್ಮೆ ಮಾವನಿಗಿಲ್ಲ. ಹಾಗಾದರೆ ಸಹಿಯ ಬದಲು ಅವರನ್ನೂ ಪ್ರತಿವಾದಿಗಳ ಸಾಲಿಗೆ ಸೇರಿಸಿದರೂ ನಡೆಯುತ್ತದೆ, ಹೆಸರಿಗೆ ಮಾತ್ರ ಎಂದರು ವಕೀಲರು. ಮಾವ ಹೂಂ ಅಂದು ಬಂದರು. ಮನೆಯಲ್ಲಿ ಬಾಯಿ ಬಿಡಲಿಲ್ಲ.

ಸಮನ್ಸ್ ತಂದವನಿಗೆ ಅತ್ತೆಯೇ ಚಹಾ ಕೊಟ್ಟರು. ನನ್ನಿಂದ ಕಾಗದ ಓದಿಸಿದರು. ವಾದಿ ಮಾವ. ಒಂದನೇ ಪ್ರತಿವಾದಿ ದೊಡ್ಡ ಮಾವ. ಎರಡನೇ ಪ್ರತಿವಾದಿ ಅತ್ತೆ. ಅವರು ಕಾಗದ ಮಡಚಿಕೊಂಡು ಒಳಗೆ ಹೋದರು.

ಮಧ್ಯಾಹ್ನ ಮಾವನ ತಟ್ಟೆಯಲ್ಲಿ ಬರೀ ಅನ್ನ. ಮೀನು ಸಾರು ಎಲ್ಲಿ ಎಂದು ಕೇಳಿದರು.

"ನಾನು ಮತ್ತೆ ಬಾವ ಒಂದೇ ಪಕ್ಷ ಅಲ್ದಾ," ಎಂದರು ಅತ್ತೆ. "ಸಾರು ಬೇಲಿ ಆಚೆ ಕೊಟ್ಟೆ."

೨. ಗೆದ್ದವನ ಮೇಲ್ಮನವಿ

ಅಂಕೋಲೆಯಲ್ಲಿ ನಾವು ಗೆದ್ದೆವು. ಬೇಲಿ ಕೀಳುವ ಮೊದಲೇ ದೊಡ್ಡ ಮಾವ ಕಾರವಾರಕ್ಕೆ ಮೇಲ್ಮನವಿ ಹಾಕಿ ತಡೆಯಾಜ್ಞೆ ತಂದರು. ನನಗೆ ಮತ್ತೆ ಗದ್ದೆ ಸುತ್ತು. ಮಾವನ ಸಂಕಟವೇ ಬೇರೆ. ಕಾಗದದಲ್ಲಿ ಮೇಲ್ಮನವಿದಾರ ಎಂದು ಅಣ್ಣನ ಹೆಸರು ಮೇಲೆ, ಎದುರುದಾರ ಎಂದು ತನ್ನ ಹೆಸರು ಕೆಳಗೆ.

"ಗೆದ್ದವ ನಾನು. ಅವ ಮೇಲೆ ಎಂತಕೆ?"

ಮೇಲಿನ ಕೋರ್ಟಿಗೆ ಹೋದವರ ಹೆಸರೇ ಮೊದಲು ಬರುವುದು ಎಂದು ವಕೀಲರು ತಿಳಿಹೇಳಿದರು. ಹಾಗಾದರೆ ನಾವೂ ಮೇಲ್ಮನವಿ ಹಾಕೋಣ ಎಂದರು ಮಾವ. ಯಾವುದರ ಮೇಲೆ, ಎಲ್ಲಾ ಗೆದ್ದಿದ್ದೀರಲ್ಲ ಎಂದು ವಕೀಲರು ಕೇಳಿದರು.

"ಗೆದ್ದದ್ದರ ಮೇಲೆ."

ವಕೀಲರು ನೀರು ಕುಡಿದು ಬರುತ್ತೇನೆಂದು ಎದ್ದು ಹೋದರು. ಮತ್ತೆ ಬಂದದ್ದು ನಾವು ಹೋದ ಮೇಲೆಯೇ ಇರಬೇಕು.

೩. ಬಸ್ಸಿನಲ್ಲಿ ವಾಚನ

ಕಾರವಾರದ ತಾರೀಖಿಗೆ ಎರಡೂ ಪಕ್ಷ ಹೋಗುವುದು ಒಂದೇ ಬಸ್ಸಿಗೆ. ಒಮ್ಮೆ ದೊಡ್ಡ ಮಾವ ಕನ್ನಡಕ ಮರೆತು ಬಂದಿದ್ದರು. ತಾವೇ ಹಾಕಿದ ಮೇಲ್ಮನವಿಯಲ್ಲಿ ಏನಿದೆ ಎಂದು ತಮ್ಮನಿಂದ ಓದಿಸಿದರು. ದೊಡ್ಡ ಮಾವನ ಕಿವಿ ಮಂದ, ಮಾವ ಗಟ್ಟಿಯಾಗಿಯೇ ಓದಿದರು. ಎದುರುದಾರನು ಸುಳ್ಳು ಹೇಳುವುದರಲ್ಲಿ ಪಳಗಿದವನು, ಕಿರುಕುಳ ಕೊಡುವುದೇ ಅವನ ಕಸುಬು.

"ಆ ಸಾಲು ಇನ್ನೊಂದ್ಸಲ ಓದು. ಚಂದ ಬರೆದಿದಾರೆ."

ಮಾವ ಇನ್ನೊಮ್ಮೆ ಓದಿದರು. ದಾರಿಯಲ್ಲಿ ಬಿಣಗಾ ಬರುವಷ್ಟರಲ್ಲಿ ಇಡೀ ಬಸ್ಸಿಗೆ ಎದುರುದಾರನ ಗುಣ ಬಾಯಿಪಾಠ. ಮುಂದಿನ ಸೀಟಿನವರು ತಿರುಗಿ, ಅಂಥ ನೀಚ ಯಾರು ಎಂದು ಕೇಳಿದರು.

"ನಾನೇ," ಎಂದು ಮಾವ ಹಾಳೆ ಮಗುಚಿದರು.

೪. ಸಹಿಯ ಜಾಗ

ಕೊನೆಗೆ ಕಾರವಾರದ ನ್ಯಾಯಾಧೀಶರು ಅತ್ತೆಯನ್ನು ನಿಲ್ಲಿಸಿ, ನೀವು ಯಾರ ಕಡೆ ಎಂದು ಕೇಳಿದರು.

"ಕಾಗದದಲ್ಲಿ ಬಾವನ ಕಡೆ, ಅಡುಗೆಮನೆಯಲ್ಲಿ ಇವ್ರ ಕಡೆ, ಒಡೆಯಾ. ನೀರು ಹೊರೂಕೆ ಮಾತ್ರ ಎರಡೂ ಕಡೆಯಿಂದ ಒಂದು ಜನ ಇಲ್ಲ."

ನ್ಯಾಯಾಧೀಶರು ನಕ್ಕು, ಹೊರಗೆ ಕೂತು ರಾಜಿ ಮಾಡಿಕೊಳ್ಳಿ ಎಂದರು. ಅಷ್ಟು ಜನರ ಎದುರು ದೊಡ್ಡ ಮಾವನ ತಲೆ ತಗ್ಗಿತ್ತು. ಮೂರು ಅಡಿ ದಾರಿ ಬಿಡಲು ಒಪ್ಪಿದರು. ರಾಜಿ ಪತ್ರವೂ ತಯಾರಾಯಿತು. ಸಹಿ ಹಾಕುವಾಗ ಶುರುವಾಯಿತು ನೋಡಿ. ಮೇಲ್ಮನವಿದಾರ ನಾನು, ನನ್ನದು ಮೊದಲು ಎಂದು ದೊಡ್ಡ ಮಾವ. ದಾವೆ ಹುಟ್ಟಿಸಿದ ವಾದಿಯೇ ನಾನು, ನನ್ನದು ಮೊದಲು ಎಂದು ಮಾವ. ವಕೀಲರಿಬ್ಬರೂ ಸೋತು, ಇನ್ನೊಂದು ತಾರೀಖು ಕೇಳೋಣ ಎಂದರು. ನನಗೆ ಕಣ್ಣೀರೇ ಬಂತು. ಇನ್ನೊಂದು ತಾರೀಖು ಅಂದರೆ ಇನ್ನೆಷ್ಟು ಕೊಡ.

ಅತ್ತೆ ಪೆನ್ನು ಕಸಿದುಕೊಂಡರು. ಇಬ್ಬರ ಹೆಸರಿಗೂ ಮೇಲೆ, ಖಾಲಿ ಇದ್ದ ಜಾಗದಲ್ಲಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ಅಮ್ಮಾ, ನಿಮ್ಮದು ಕೊನೆಗೆ ಎಂದು ವಕೀಲರು ಅನ್ನುವಷ್ಟರಲ್ಲಿ ಮುಗಿದಿತ್ತು.

"ಈಗ ಇಬ್ರೂ ನನ್ನ ಕೆಳಗೇ," ಎಂದರು ಅತ್ತೆ. "ಎಲ್ಲಿ ಬೇಕಾದ್ರೂ ಹಾಕಿ."

ಅಣ್ಣತಮ್ಮಂದಿರು ತೆಪ್ಪಗೆ ಸಹಿ ಹಾಕಿದರು. ದಾರಿ ಸಿಕ್ಕಿತು. ಮೆಟ್ಟಿಲು ಇಳಿಯುವಾಗ ಅಣ್ಣ ತಮ್ಮ ಇಬ್ಬರೂ ತಂತಮ್ಮ ವಕೀಲರನ್ನು ಪಕ್ಕಕ್ಕೆ ಕರೆದರು. ವಾದಿ ಪ್ರತಿವಾದಿ ಆದಾಗಿನಿಂದ ಅವರಿಬ್ಬರೂ ಒಂದೇ ಮಾತು ಆಡಿದ್ದು ಅದೇ ಮೊದಲು.

"ಇವಳ ಮೇಲೆ ಮೇಲ್ಮನವಿ ಹಾಕೂದು ಎಲ್ಲಿ?"