ಉರಿಗಲ್ಲಮ್ಮನ ತವರು

ಕಳಸದ ಆಚೆಯ ಗುಡ್ಡದ ಮೇಲೆ ಕರಿಬಂಡೆಯಾಗಿ ಕೂತ ಉರಿಗಲ್ಲಮ್ಮ ಬೆಂಕಿಯಲ್ಲಿ ಹುಟ್ಟಿದವಳೆಂದು ಊರಿನ ನಂಬಿಕೆ. ತಾಯಿಯ ಉರಿ ತಣಿಯಲೆಂದು ಪ್ರತಿ ಸೋಮವಾರ ಪಕ್ಕದ ಬಾವಿಯಿಂದ ಇಪ್ಪತ್ತೊಂದು ಕೊಡ ನೀರು ಹೊತ್ತು ಸುರಿಯುವುದು ಅರ್ಚಕ ಶಂಭುಭಟ್ಟರ ಸೇವೆ. ಅರವತ್ತು ದಾಟಿದ ಮೇಲೆ, ತಾಯಿಯ ಉರಿ ತಣಿಯುವ ಹೊತ್ತಿಗೆ ಭಟ್ಟರ ಸೊಂಟದಲ್ಲಿ ಉರಿ ಹತ್ತುತ್ತಿತ್ತು.

ಆ ಸೋಮವಾರ ಏಳನೇ ಕೊಡಕ್ಕೇ ಭಟ್ಟರು ಘಾಟಿ ಹತ್ತುವ ಹಳೇ ಜೀಪಿನಂತೆ ಏದುಸಿರು ಬಿಡುತ್ತಿದ್ದರು. ಬಂಡೆಗಳ ಸರ್ವೆಗೆ ಬಂದಿದ್ದ ಧನ್ಯಾ ಮೇಡಂ ಭೂತಗನ್ನಡಿ ಹಿಡಿದು ದೇವಿಯನ್ನೇ ನೋಡುತ್ತಿದ್ದರು.

"ಭಟ್ರೇ, ಹಳೇ ನಕ್ಷೇಲಿ ಇದನ್ನ ಬೆಂಕಿಯಿಂದ ಹುಟ್ಟಿದ ಕಲ್ಲು ಅಂತ ಬರ್ದಿದಾರೆ. ಅದು ತಪ್ಪು. ನೀರಿನ ತಳದಲ್ಲಿ ಮರಳು, ಕೆಸರು ಪದರ ಪದರವಾಗಿ ಕೂತು ಆದ ಕಲ್ಲು ಇದು. ನಕ್ಷೆ ಬದಲಾಯಿಸ್ಬೇಕು."

ಭಟ್ಟರು ಕೊಡ ಕೆಳಗಿಟ್ಟರು. "ಅಂದ್ರೆ ತಾಯಿ ನೀರಲ್ಲಿ ಹುಟ್ದವಳಾ?"

"ಹೌದು."

"ಹಂಗಾದ್ರೆ ಎಂಥ ಉರಿ, ಎಂಥ ಕೊಡ! ನೀವು ನೂರು ವರ್ಷ ಬಾಳಿ, ಮೇಡಂ!"

"ನಿಲ್ಲಿ, ಇನ್ನೂ ಇದೆ..." ಎಂದು ಮೇಡಂ ಕೂಗುವಷ್ಟರಲ್ಲಿ ಭಟ್ಟರು, ಸೊಂಟವೇ ಇಲ್ಲದವರಂತೆ, ಗುಡ್ಡ ಇಳಿದಾಗಿತ್ತು.

ದೇವಸ್ಥಾನದ ಮೊಕ್ತೇಸರ ಮಂಜಯ್ಯನವರು ಮನೆಯ ಕಣದಲ್ಲಿ ಕಾಫಿ ಒಣಗಿಸುತ್ತಿದ್ದರು. ಭಟ್ಟರು ತಂದ ಸುದ್ದಿ ಕೇಳಿ ತಲೆಯೆತ್ತಿದರು. "ಹೌದಾ ಮಾರಾಯ್ರೆ? ಸರ್ಕಾರದ ನಕ್ಷೆಯೇ ಬದಲಾದ ಮೇಲೆ ನಮ್ದೆಂಥ ಹಟ? ಇನ್ಮೇಲೆ ಒಂದು ಉದ್ಧರಣೆ ನೀರು ಸಾಕು ಬಿಡಿ."

ಭಟ್ಟರ ಕಣ್ಣು ತುಂಬಿತು.

"ತಡೀರಿ," ಅಂದರು ಕಾಫಿ ಹರವುತ್ತಿದ್ದ ನೆರೆಮನೆಯ ಸಾವಿತ್ರಮ್ಮ. "ನೀರಲ್ಲಿ ಹುಟ್ದವಳು ಹಿಂಗೆ ಕಪ್ಪಗೆ ಯಾಕಿದಾಳೆ?"

ಅಷ್ಟರಲ್ಲಿ ಧನ್ಯಾ ಮೇಡಂ ಏದುತ್ತ ಬಂದರು. "ಅದನ್ನೇ ಹೇಳೋಕೆ ಬಂದೆ. ಎಷ್ಟೋ ಕಾಲ ಆದ್ಮೇಲೆ ಭೂಮಿ ಒಳಗಿಂದ ಕರಗಿದ ಕಲ್ಲು ಕುದೀತಾ ನುಗ್ತು. ಪಕ್ಕದಲ್ಲಿದ್ದ ಇದು ಪೂರ್ತಿ ಬೆಂದೋಯ್ತು. ಅದಕ್ಕೇ ಮೊದಲಿನವರು ಮೋಸ ಹೋದ್ರು."

ಸಾವಿತ್ರಮ್ಮ ಕೆನ್ನೆಗೆ ಕೈ ಇಟ್ಟುಕೊಂಡರು. "ಅಯ್ಯೋ ನಮ್ಮಮ್ಮ! ಬೆಂಕೀಲೇ ಹುಟ್ಟಿದ್ರೆ ಅಭ್ಯಾಸ ಇರ್ತಿತ್ತು. ತಣ್ಣಗೆ ಹುಟ್ದವಳು ಬೆಂದಿದಾಳೆ ಅಂದ್ರೆ ಎಷ್ಟು ಉರಿ ಇರ್ಬೇಡ!"

ಮಂಜಯ್ಯನವರು ಗುಡ್ಡದ ಕಡೆ ತಿರುಗಿ ಕೈ ಮುಗಿದರು. "ಇಷ್ಟು ದಿನ ವಾರಕ್ಕೊಂದು ಸಲ ಸುರಿದು ಪಾಪ ಕಟ್ಕೊಂಡ್ವಲ್ಲ ಭಟ್ರೇ! ನಾಳೆಯಿಂದ ದಿನಾ ಇಪ್ಪತ್ತೊಂದು ಕೊಡ."

"ಬಾವಿ ನೀರು ಬೇಡ," ಸಾವಿತ್ರಮ್ಮ ಸೇರಿಸಿದರು. "ಹೊಳೇನೇ ಅವಳ ತವರು. ಭದ್ರೆಯಿಂದಲೇ ತನ್ನಿ."

ಭದ್ರೆ ಹರಿಯುವುದು ಗುಡ್ಡದ ಬುಡದಲ್ಲಿ.

ಧನ್ಯಾ ಮೇಡಂ ಕಂಕುಳಲ್ಲಿದ್ದ ಕೊಡವನ್ನು ಭಕ್ತಿಯಿಂದ ಮುಂದೆ ಹಿಡಿದರು. "ಭಟ್ರೇ, ಇದನ್ನ ಮೇಲೇ ಮರೆತು ಬಂದಿದ್ರಿ."