ಕೂತವರನ್ನು ಅಲುಗಿಸಬಾರದು

ನಮ್ಮ ಸೋದರಮಾವ ಮನುಷ್ಯರನ್ನು ಹುಳುಗಳಂತೆ ಕಾಣುತ್ತಿದ್ದರು. ತಪ್ಪು ತಿಳಿಯಬೇಡಿ; ಅದಕ್ಕಿಂತ ದೊಡ್ಡ ಮರ್ಯಾದೆ ಅವರ ಬಳಿ ಇರಲಿಲ್ಲ!

ಧನಗೆರೆಯಲ್ಲಿ ಮೂವತ್ತು ವರ್ಷ ರೇಷ್ಮೆಹುಳು ಸಾಕಿದವರು. ಮೊಣಕಾಲು ಕೈಕೊಟ್ಟ ಮೇಲೆ ಅತ್ತೆಯೊಂದಿಗೆ ಕೊಳ್ಳೇಗಾಲದ ಹೊಸ ಬಡಾವಣೆಗೆ, ನಮ್ಮ ಪಕ್ಕದ ಮನೆಗೇ ಬಂದರು. ಎದುರಿಗೇ ದೊಡ್ಡ ಪಾರ್ಕು. ಅಷ್ಟು ಜಾಗದಲ್ಲಿ ಒಂದು ಹಿಪ್ಪುನೇರಳೆ ಗಿಡವೂ ಇಲ್ಲವೆಂದು ಮೊದಲ ವಾರವೆಲ್ಲ ಮರುಗಿದರು. ಎರಡನೆಯ ವಾರ ಅವರ ಕಣ್ಣು ಬೆಂಚುಗಳ ಮೇಲೆ ಬಿತ್ತು.

ರೇಷ್ಮೆಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಕಳಚುತ್ತದೆ. ಆಗ ಮೇವು ಬಿಟ್ಟು, ಅಲ್ಲಾಡದೆ ಕೂರುತ್ತದೆ. ಸಾಕುವವರು ಇದನ್ನು ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಹುಳುವಿರುವ ತಟ್ಟೆ ಅಲುಗಿಸಬಾರದು, ಸೊಪ್ಪು ಹಾಕಬಾರದು. ತಾನಾಗಿಯೇ ಹಸಿದು ಏಳುವ ತನಕ ಕಾಯಬೇಕು. ಪಾರ್ಕಿನಲ್ಲಿ ಯಾರು ಸುಮ್ಮನೆ ಕೂತರೂ ಮಾವನ ಲೆಕ್ಕದಲ್ಲಿ ಇದೇ ಅವಸ್ಥೆ! ಕೊಡೆ ಹಿಡಿದು ಕಾವಲಿಗೆ ನಿಂತುಬಿಡುತ್ತಿದ್ದರು.

ಕನ್ನಡನಾಡು ಒಂದಾಗುವ ಮೊದಲಿನ ಮಾತು; ಆಗ ಕೊಳ್ಳೇಗಾಲದ ನಾವು ಕೊಯಮತ್ತೂರು ಜಿಲ್ಲೆಯವರು. ಹೂ ಕೀಳಬಾರದೆಂದು ಪಾರ್ಕಿನ ಬೋರ್ಡು ತಮಿಳಿನಲ್ಲಿ ಹೇಳುತ್ತಿತ್ತು. ಅದರ ಕೆಳಗೆ ಮಾವ ಇದ್ದಿಲಿನಿಂದ ಕನ್ನಡದಲ್ಲಿ ಬರೆದರು: ‘ಕೂತವರನ್ನು ಅಲುಗಿಸಬಾರದು.’

ಗೇಟಿನ ಬಳಿ ಕಡಲೆಕಾಯಿ ಮಾರುವ ಅಜ್ಜಿ ‘ಬಿಸಿ ಬಿಸಿ...’ ಎಂದು ಬಾಯಿ ತೆರೆದರೆ ಸಾಕು, ಕೊಡೆ ಮೇಲೇಳುತ್ತಿತ್ತು.

‘ಶ್! ಅಲ್ಲೊಬ್ಬ ಜ್ವರಕ್ಕೆ ಕೂತವ್ನೆ.’

‘ಅವ್ನು ಏಳಗಂಟ ನಾನು ಬಾಯಿಗೆ ಬಟ್ಟೆ ತುರ್ಕಳನಾ ಯಜಮಾನ್ರೇ? ಕಾಯಿ ಆರೋಯ್ತದೆ!’

‘ಆರ್ಲಿ ಬುಡು. ಮನ್ಸ ಕೆಡಬಾರ್ದು.’

ಅತ್ತೆ ಜಗುಲಿಯಿಂದಲೇ ಚುಚ್ಚುತ್ತಿದ್ದರು: ‘ಹುಳ ಬುಟ್ಟು ಬಂದೋ ಅಂತಿದ್ದೆ. ಇಲ್ಲಿ ಊರ್ ಜನಾನೇ ತಟ್ಟೆಗಾಕ್ಕೊಂಡವ್ರಲ್ಲ!’

ಒಮ್ಮೆ ಪರವೂರಿನ ಅಧಿಕಾರಿಯೊಬ್ಬರು ಬೆಂಚಿನ ಮೇಲೆ ಕಣ್ಣು ಮುಚ್ಚಿದ್ದರು. ಬಸ್ಸು ಬಂತೆಂದು ಹೇಳಲು ಓಡಿ ಬಂದ ಜವಾನನನ್ನು ಮಾವ ಗೇಟಿನಲ್ಲೇ ತಡೆದರು. ಬಸ್ಸು ಹೊರಟೇ ಹೋಯಿತು. ಇನ್ನು ನಮ್ಮ ವಂಶವೇ ಜೈಲಿಗೆ ಎಂದು ನಾನು ನಡುಗುತ್ತಿದ್ದರೆ, ಆ ಮಹಾರಾಯರು ಮೈಮುರಿದು ಎದ್ದು, ‘ವರ್ಗವಾದಂದಿನಿಂದ ಇಂಥ ನಿದ್ದೆ ಬಂದಿರಲಿಲ್ಲ’ ಎಂದು ಮಾವನ ಕೈ ಕುಲುಕಿದರು!

ನನಗೋ ಚಿಂತೆಯೇ ಕಸುಬು. ಮಳೆ ಬಂದರೆ ಮನೆ ಸೋರುವುದೆಂದು ಚಿಂತೆ. ಬರದಿದ್ದರೆ ಎಲ್ಲಿ ಸೋರುವುದೆಂದು ಗೊತ್ತಾಗದಲ್ಲ ಎಂದು ಚಿಂತೆ. ಹಬ್ಬದ ದಿನವೊಂದರಲ್ಲಿ ಹಾಗೆ ಪಾರ್ಕಿನಲ್ಲಿ ಕೂತಿದ್ದಾಗ, ಊಟಕ್ಕೆ ಕರೆಯಲು ಬಂದ ನನ್ನ ಹೆಂಡತಿಯನ್ನು ಮಾವ ಮೂರು ಸಲ ಹಿಂದಕ್ಕೆ ಕಳಿಸಿದರಂತೆ. ನಾನು ಮನೆ ಸೇರುವಾಗ ಯಳಂದೂರಿನ ನೆಂಟರು ಕೊನೆಯ ಒಬ್ಬಟ್ಟು ಮುಗಿಸಿ ಕೈ ತೊಳೆಯುತ್ತಿದ್ದರು.

ಆ ವರ್ಷವೇ ಅತ್ತೆ ತೀರಿಕೊಂಡರು.

ಕಾರ್ಯ ಮುಗಿದ ಮರುದಿನ ಮಾವ ಪಾರ್ಕಿಗೆ ಹೋಗಿ ತಾವೇ ಬೆಂಚಿನ ಮೇಲೆ ಕೂತರು. ಕೊಡೆ ಒಯ್ಯಲಿಲ್ಲ. ಮೂರು ದಿನ ಹಾಗೆಯೇ. ಮನೆಗೆ ಬಂದರೆ ಎರಡು ಗುಟುಕು ಮಜ್ಜಿಗೆ. ಅನ್ನದ ತಟ್ಟೆ ಇಟ್ಟರೆ ಮುಖ ತಿರುಗಿಸುತ್ತಿದ್ದರು. ಹೀಗೇ ನಮ್ಮ ಕೈತಪ್ಪಿ ಹೋಗುತ್ತಾರೆಂದು ನನಗೆ ಭಯ. ನನ್ನ ಅಷ್ಟೂ ಚಿಂತೆಗಳಲ್ಲಿ ನಿಜವಾದದ್ದು ಅದೊಂದೇ. ಭುಜ ಹಿಡಿದು ಅಲುಗಿಸಿ, ಬಾಯಿಗೆ ನಾಲ್ಕು ತುತ್ತು ತುರುಕೋಣವೆಂದು ಹೊರಟವನನ್ನು ಗೇಟಿನಲ್ಲಿ ಅಜ್ಜಿ ತಡೆದಳು.

‘ಯಾಕ್ ಸಾ, ಬೋರ್ಡು ಓದ್ಲಿಲ್ವಾ? ಓದಕ್ ಬರ್ದಿರೋ ನಂಗೇ ಗೊತ್ತು.’

ಆಗ ನೋಡಿದೆ. ಚೆಂಡಾಡುವವರು ದೂರದ ಮೂಲೆ ಸೇರಿದ್ದರು. ಮಾಲಿ ಕತ್ತರಿ ಬದಿಗಿಟ್ಟು ಬೀಡಿಯನ್ನೂ ಹಚ್ಚದೆ ಕೂತಿದ್ದ. ಅಜ್ಜಿಯೂ ಮೂರು ದಿನದಿಂದ ಕೂಗಿರಲಿಲ್ಲ.

ಮನೆಯಿಂದ ಮಾವನ ಕೊಡೆ ತಂದು, ಅವರ ಹಿಂದೆ ನಿಂತು ಬಿಸಿಲಿಗೆ ಅಡ್ಡ ಹಿಡಿದೆ. ತೋಳು ಜೋಮು ಹಿಡಿಯಿತು. ಸಂಜೆಯ ಹೊತ್ತಿಗೆ ಮಾವ ಮೆಲ್ಲಗೆ ಕತ್ತು ಹೊರಳಿಸಿದರು.

‘ಆಯಮ್ಮ ಯಾಕ್ಲಾ ಕೂಗ್ತಿಲ್ಲ?’ ಎಂದರು. ‘ಅಸಿವಾಯ್ತದೆ ಕಣ್ಲಾ.’

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು, ಮೂರು ದಿನದ್ದನ್ನೆಲ್ಲ ಒಟ್ಟಿಗೇ ಕೂಗಿದಳು: ‘ಬಿಸಿ ಬಿಸಿ ಕಡ್ಲೇಏಏಕಾಯ್!’